ದೊಡ್ಡ ಸಿಎ ಫರ್ಮ್‌ನಲ್ಲಿ ಆರ್ಟಿಕಲ್‌ಶಿಪ್: ಒಳಗೆ ದುಡಿದವರು ದಯವಿಟ್ಟು ತಿಳಿಸಿ

ಪ್ರಶ್ನೆ: ದಾವಣಗೆರೆ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ.

ಸಿಎ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್‌ಗಳನ್ನು ಈ ಬಾರಿ ಪಾಸು ಮಾಡಿಕೊಂಡಿದ್ದೇನೆ. ಬಿಗ್ ಫೋರ್ ಎಂದು ಎಲ್ಲರೂ ಕರೆಯುವ ನಾಲ್ಕು ದೊಡ್ಡ ಲೆಕ್ಕಪರಿಶೋಧನಾ ಜಾಲಗಳ ಪೈಕಿ ಒಂದಕ್ಕೆ ಸೇರಿದ ಬೆಂಗಳೂರಿನ ಫರ್ಮ್‌ನಿಂದ, ಆಡಿಟ್ ವಿಭಾಗಕ್ಕೆ ಆರ್ಟಿಕಲ್ ಆಗಿ, ಅಂದರೆ ಸಿಎ ಆಗಲು ಬೇಕಾದ ಪ್ರಾಯೋಗಿಕ ತರಬೇತಿಗೆ, ಸೇರುವಂತೆ ಪತ್ರ ಬಂದಿದೆ. ಇದೇ ಹೊತ್ತಿಗೆ, ಮಂಡಿಪೇಟೆಯಲ್ಲಿರುವ ನಮ್ಮ ತಂದೆಯವರ ಅಂಗಡಿಯ ಲೆಕ್ಕ ನೋಡಿಕೊಳ್ಳುವ ಸಿಎ ಒಬ್ಬರು, ತಮ್ಮ ಕಚೇರಿಗೇ ಬಾ, ಪುಸ್ತಕ ಬರೆಯುವುದರಿಂದ ಹಿಡಿದು ರಿಟರ್ನ್ ಸಲ್ಲಿಸುವವರೆಗೆ ಎಲ್ಲವನ್ನೂ ಕಲಿಸುತ್ತೇನೆ ಎಂದು ಕರೆಯುತ್ತಿದ್ದಾರೆ. ಮನೆಯಲ್ಲಿ ಅಮ್ಮನಿಗೆ ನಾನು ಊರಲ್ಲೇ ಇರಲಿ ಎಂಬ ಆಸೆ. ಅಪ್ಪನಿಗೆ ದೊಡ್ಡ ಫರ್ಮ್‌ನ ಹೆಸರು ಮುಂದೆ ಕೈಹಿಡಿಯುತ್ತದೆ ಎಂಬ ನಂಬಿಕೆ.

ನನ್ನನ್ನು ಕಾಡುತ್ತಿರುವುದು ಬೇರೆಯೇ ವಿಷಯ. ದೊಡ್ಡ ಫರ್ಮ್‌ಗಳಲ್ಲಿ ಆರ್ಟಿಕಲ್‌ಗಳಿಗೆ ಒಂದು ಕಂಪನಿಯ ಆಡಿಟ್‌ನ ಒಂದು ಸಣ್ಣ ತುಂಡನ್ನಷ್ಟೇ ಕೊಡುತ್ತಾರೆ, ವರ್ಷವಿಡೀ ಎಕ್ಸೆಲ್ ಹಾಳೆಯಲ್ಲಿ ಬಿಲ್ಲುಗಳನ್ನು ಟಿಕ್ ಮಾಡುವುದರಲ್ಲೇ ಕಾಲ ಕಳೆಯುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. 2023ರ ಜುಲೈ 1ರಿಂದ ಜಾರಿಯಾದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿರುವುದರಿಂದ, ಅದರಲ್ಲಿ ಒಂದು ವರ್ಷ ಹೀಗೆ ಹೋದರೆ ಉಳಿಯುವುದು ಎಷ್ಟು ಎಂದು ಭಯವಾಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್‌ನಲ್ಲಿ ಬರೆಯಲು ತೊಂದರೆಯಿಲ್ಲವಾದರೂ, ಸಭೆಯಲ್ಲಿ ತಕ್ಷಣ ಮಾತನಾಡುವಾಗ ನಾಲಿಗೆ ತಡವರಿಸುತ್ತದೆ.

ಅಂಥ ಫರ್ಮ್‌ನಲ್ಲಿ ನಿಜವಾಗಿ ದುಡಿದವರು, ದಿನನಿತ್ಯದ ಕೆಲಸ ಹೇಗಿರುತ್ತದೆ, ಏನು ಕಲಿತಿರಿ, ಏನು ಕಲಿಯಲಾಗಲಿಲ್ಲ ಎಂಬುದನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಆರ್ಟಿಕಲ್, ಬೆಂಗಳೂರು

ನಾನು 2016ರಿಂದ 2019ರವರೆಗೆ, ಮೂರು ವರ್ಷದ ಪದ್ಧತಿಯಿದ್ದಾಗ, ಅಂಥದ್ದೇ ಒಂದು ಫರ್ಮ್‌ನ ಆಡಿಟ್ ವಿಭಾಗದಲ್ಲಿ ಆರ್ಟಿಕಲ್ ಆಗಿದ್ದೆ. ನಿಮ್ಮ ಸೀನಿಯರ್‌ಗಳು ಹೇಳಿದ್ದು ಸುಳ್ಳಲ್ಲ. ಕೊಡುವುದು ತುಂಡು ಕೆಲಸವೇ. ಆದರೆ ಆ ತುಂಡಿನಲ್ಲಿ ಏನಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಮೂರು ತಿಂಗಳು ನನಗೆ ಕೊಟ್ಟದ್ದು ಬ್ಯಾಂಕ್ ದೃಢೀಕರಣದ ಕೆಲಸ. ಕ್ಲೈಂಟ್ ಕಂಪನಿಗೆ ಎಷ್ಟು ಬ್ಯಾಂಕ್ ಖಾತೆಗಳಿವೆಯೋ ಅಷ್ಟೂ ಬ್ಯಾಂಕ್‌ಗಳಿಗೆ, ಮಾರ್ಚ್ 31ಕ್ಕೆ ಈ ಖಾತೆಯಲ್ಲಿ ಎಷ್ಟು ಶಿಲ್ಕು ಇತ್ತು, ಯಾವ ಸಾಲವಿದೆ, ಯಾವ ಗ್ಯಾರಂಟಿ ಕೊಡಲಾಗಿದೆ ಎಂದು ಕೇಳಿ ಪತ್ರ ಕಳುಹಿಸಬೇಕು, ಬಂದ ಉತ್ತರವನ್ನು ಪುಸ್ತಕದೊಂದಿಗೆ ತಾಳೆ ನೋಡಬೇಕು, ಬಾರದಿದ್ದರೆ ಬೆನ್ನು ಹತ್ತಬೇಕು. ಇದಕ್ಕೆ ಇಂಟರ್ ಪಾಸಾದವನು ಯಾಕೆ ಬೇಕು ಎಂದು ನನಗೂ ಬೇಸರವಾಗಿತ್ತು. ಒಂದು ದಿನ ಕ್ಲೈಂಟ್ ಕಂಪನಿಯ ಅಕೌಂಟೆಂಟ್ ಬಹಳ ಪ್ರೀತಿಯಿಂದ, "ನೀವು ಅಲೆದಾಡುವುದು ಬೇಡ, ಬ್ಯಾಂಕಿನವರು ನಮಗೇ ಕೊಟ್ಟಿದ್ದಾರೆ" ಎಂದು ಸೀಲು ಸಹಿ ಎಲ್ಲ ಸರಿಯಾಗಿದ್ದ ಲಕೋಟೆಯೊಂದನ್ನು ನನ್ನ ಕೈಗಿತ್ತರು. ಕೆಲಸ ಮುಗಿಯಿತೆಂದು ಸಂತೋಷದಿಂದ ಅದನ್ನು ಫೈಲಿಗೆ ಸೇರಿಸಿದೆ. ಸಂಜೆ ಮ್ಯಾನೇಜರ್ ಲಕೋಟೆಯನ್ನು ತಿರುಗಿಸಿ ನೋಡಿ, "ಇದು ನಮಗೆ ಬಂದ ಪತ್ರವಲ್ಲ, ಅವರಿಗೆ ಬಂದ ಪತ್ರ. ಮತ್ತೆ ಕಳುಹಿಸು, ಈ ಸಲ ಉತ್ತರ ನೇರವಾಗಿ ನಮ್ಮ ಕಚೇರಿಗೆ ಬರಲಿ" ಎಂದರು.

ಆ ಮಾತಿನ ಅರ್ಥವನ್ನು ಊಟದ ಹೊತ್ತಿನಲ್ಲಿ ಅವರೇ ಬಿಡಿಸಿ ಹೇಳಿದರು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ತಮ್ಮ ಆಡಳಿತ ಮಂಡಳಿಗೆ ಬರೆದ ಪತ್ರದಲ್ಲಿ, ಪುಸ್ತಕಗಳಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡಿದ್ದರು. ದೃಢೀಕರಣ ಪತ್ರ ಹೋಗುವ ಮತ್ತು ಬರುವ ದಾರಿ ಆಡಿಟರ್‌ನ ಹಿಡಿತದಲ್ಲೇ ಇರಬೇಕು ಎಂದು ಎಸ್‌ಎ 505 ಎಂಬ ಆಡಿಟ್ ಮಾನದಂಡ ಹೇಳುವುದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ; ಆದರೆ ನನ್ನ ಕೈಯಲ್ಲಿದ್ದ ಲಕೋಟೆಗೂ ಆ ಸಾಲಿಗೂ ಸಂಬಂಧವಿದೆ ಎಂಬುದು ಆ ದಿನದವರೆಗೆ ಹೊಳೆದಿರಲಿಲ್ಲ. ಅಂದಹಾಗೆ, ನನಗೆ ಲಕೋಟೆ ಕೊಟ್ಟ ಅಕೌಂಟೆಂಟ್ ಮೋಸಗಾರರೇನಲ್ಲ. ಎರಡನೆಯ ಬಾರಿ ನೇರವಾಗಿ ಬಂದ ಉತ್ತರದಲ್ಲೂ ಅಂಕಿ ಅದೇ ಇತ್ತು.

ಇಂಗ್ಲಿಷ್ ಬಗ್ಗೆ ಕೇಳಿದ್ದೀರಿ. 2018ರ ಮಾರ್ಚ್ 31ರಂದು ದಾಬಸ್‌ಪೇಟೆಯ ಬಳಿ ಪೈಪ್ ತಯಾರಿಸುವ ಕಾರ್ಖಾನೆಯೊಂದರ ದಾಸ್ತಾನು ಎಣಿಕೆಗೆ ನಮ್ಮ ತಂಡ ಹೋಗಿತ್ತು. ಪಟ್ಟಿಯಿಂದ ಕೆಲವು ಸರಕುಗಳನ್ನು ಆರಿಸಿ ಗೋದಾಮಿನಲ್ಲಿ ಹುಡುಕುವುದು, ಗೋದಾಮಿನಲ್ಲಿ ಕಂಡ ಕೆಲವನ್ನು ಪಟ್ಟಿಯಲ್ಲಿ ಹುಡುಕುವುದು, ಹೀಗೆ ಎರಡು ದಿಕ್ಕಿನಿಂದಲೂ ಎಣಿಸಿ ಮುಗಿಸಿದ್ದೆವು. ಲೆಕ್ಕ ಚೆನ್ನಾಗಿ ಹೊಂದಿತ್ತು. ಹೊರಡುವಾಗ ಗೇಟಿನ ಒಳಗೆ, ಟಾರ್ಪಾಲು ಬಿಗಿದು ನಿಂತಿದ್ದ ಎರಡು ಲಾರಿಗಳು ಕಂಡವು. ತಂಡದ ಉಳಿದ ಮೂವರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಗೇಟಿನ ಕಾವಲುಗಾರರನ್ನು ಸುಮ್ಮನೆ ವಿಚಾರಿಸಿದಾಗ ಅವರು, "ಇವು ನಾಳಿದ್ದು ಹೋಗೋವು ಸಾರ್, ಬಿಲ್ಲು ಮೊನ್ನೇನೇ ಆಗೈತೆ" ಎಂದರು. ಎರಡೂ ಲಾರಿಗಳ ನಂಬರನ್ನೂ ರಿಜಿಸ್ಟರ್‌ನಲ್ಲಿದ್ದ ಕೊನೆಯ ಗೇಟ್ ಪಾಸ್ ಸಂಖ್ಯೆಯನ್ನೂ ಬರೆದುಕೊಂಡೆ. ಮಾಲು ಗ್ರಾಹಕರ ಸೈಟಿಗೆ ತಲುಪಿದ ಮೇಲಷ್ಟೇ ಮಾರಾಟವೆಂದು ಪರಿಗಣಿಸಬೇಕು ಎಂಬ ಷರತ್ತು ಆರ್ಡರ್‌ನಲ್ಲಿದ್ದುದರಿಂದ, ಆ ಎರಡು ಬಿಲ್ಲುಗಳನ್ನು ಮಾರ್ಚ್‌ನ ಮಾರಾಟದಿಂದ ತೆಗೆದು ಮಾಲನ್ನು ದಾಸ್ತಾನಿಗೆ ಸೇರಿಸಬೇಕಾಯಿತು. ದಾಸ್ತಾನಿನ ಪಟ್ಟಿಯಲ್ಲಿ ಆ ಮಾಲು ಇರಲಿಲ್ಲವಾದ್ದರಿಂದ, ಪಟ್ಟಿಯನ್ನಷ್ಟೇ ನೋಡಿದ ನಮಗೆ ಎಲ್ಲವೂ ಹೊಂದಿದಂತೆ ಕಂಡಿತ್ತು.

ಸಭೆಯಲ್ಲಿ ನಾಲಿಗೆ ತಡವರಿಸುವುದು ಆರು ತಿಂಗಳಲ್ಲಿ ಸರಿಹೋಗುತ್ತದೆ. ಕಂಪನಿಯ ಗೋದಾಮಿನಲ್ಲಿ, ವೇಬ್ರಿಡ್ಜ್‌ನಲ್ಲಿ, ಗೇಟಿನಲ್ಲಿ ಇರುವವರ ಜೊತೆ ಮಾತನಾಡಲು ಬರುವುದನ್ನು ದಯವಿಟ್ಟು ಕೊರತೆಯ ಪಟ್ಟಿಗೆ ಸೇರಿಸಬೇಡಿ.

ಕಲಿಯದೇ ಉಳಿದದ್ದನ್ನೂ ಹೇಳಬೇಕು. ಮೂರು ವರ್ಷದಲ್ಲಿ ನಾನು ಒಂದೇ ಒಂದು ಜಿಎಸ್‌ಟಿ ರಿಟರ್ನ್ ಸಲ್ಲಿಸಲಿಲ್ಲ. ಆದಾಯ ತೆರಿಗೆ ಅಧಿಕಾರಿಯ ಮುಂದೆ ಒಮ್ಮೆಯೂ ಕೂರಲಿಲ್ಲ. ಅಕ್ಕನ ಮನೆಯವರು ಅವರ ಅಂಗಡಿಗೆ ಬಂದ ನೋಟಿಸ್ ತೋರಿಸಿದಾಗ ನನಗೆ ಉತ್ತರ ತಿಳಿಯದೆ, ಸಣ್ಣ ಕಚೇರಿಯಲ್ಲಿದ್ದ ಗೆಳೆಯನಿಗೆ ಫೋನ್ ಮಾಡಬೇಕಾಯಿತು.

ಉತ್ತರ 2: ಹುಬ್ಬಳ್ಳಿ ಸಿಎ

ನಾನು ಹುಬ್ಬಳ್ಳಿಯಲ್ಲಿ ಸ್ವಂತ ಕಚೇರಿ ನಡೆಸುವವನು. ನನ್ನ ಬಳಿ ಸಾಮಾನ್ಯವಾಗಿ ನಾಲ್ಕೈದು ಆರ್ಟಿಕಲ್‌ಗಳು ಇರುತ್ತಾರೆ. ಊರಿನ ಕಚೇರಿಯ ಪರವಾಗಿ ವಾದ ಮಾಡಬೇಕಾದವನೇ ನಾನು. ಆದರೂ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

ನಮ್ಮಂಥ ಕಚೇರಿಯಲ್ಲಿ ತಿಂಗಳು ಓಡುವುದೇ ತಾರೀಖಿನ ಮೇಲೆ. 7ಕ್ಕೆ ಟಿಡಿಎಸ್ ಕಟ್ಟಿಸಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನ್. ಆಗಸ್ಟ್ ಬಂತೆಂದರೆ ಟ್ಯಾಕ್ಸ್ ಆಡಿಟ್‌ನ ಒತ್ತಡ ಶುರುವಾಗುತ್ತದೆ. ಹುಡುಗರು ಆರು ತಿಂಗಳೊಳಗೆ ಒಬ್ಬ ವ್ಯಾಪಾರಿಯ ಚೀಲದಲ್ಲಿ ತುಂಬಿ ಬಂದ ಬಿಲ್ಲುಗಳಿಂದ ಟ್ಯಾಲಿಯಲ್ಲಿ ಎಂಟ್ರಿ ಹಾಕಿ, ಬ್ಯಾಂಕ್ ತಾಳೆ ಮಾಡಿ, ಅಢಾವೆ ಪತ್ರಿಕೆಯವರೆಗೆ ಒಬ್ಬರೇ ಬರುತ್ತಾರೆ. ಇದು ಬಹಳ ದೊಡ್ಡ ವಿದ್ಯೆ. ಅಢಾವೆಯ ಎರಡೂ ಬದಿ ಕೂಡದೆ ರಾತ್ರಿ ಎಂಟರವರೆಗೆ ತಲೆ ಕೆಡಿಸಿಕೊಂಡು ಕುಳಿತವನಿಗೆ, ಒಂದು ಅಂಕಿ ಎಲ್ಲಿಂದ ಬಂತು ಎಂಬುದು ಜೀವನಪೂರ್ತಿ ಕಣ್ಣಿಗೆ ಕಾಣುತ್ತದೆ.

ಆದರೆ ನನ್ನ ಹುಡುಗರು ದೊಡ್ಡ ಕಂಪನಿಗಳ ಲೆಕ್ಕಕ್ಕೆ ಅನ್ವಯಿಸುವ ಇಂಡ್ ಎಎಸ್ ಮಾನದಂಡಗಳನ್ನು ಪುಸ್ತಕದಲ್ಲಷ್ಟೇ ನೋಡಿದ್ದಾರೆ. ಹತ್ತು ಅಂಗಸಂಸ್ಥೆಗಳಿರುವ ಕಂಪನಿಯ ಲೆಕ್ಕಗಳನ್ನು ಒಂದುಗೂಡಿಸುವುದನ್ನು ಅವರು ಕಂಡಿಲ್ಲ. ಒಂದು ಪರೀಕ್ಷೆಯನ್ನು ಯಾಕೆ ಮಾಡಿದೆವು, ಏನು ಕಂಡೆವು, ಯಾವ ತೀರ್ಮಾನಕ್ಕೆ ಬಂದೆವು ಎಂದು ಆ ಕೆಲಸದಲ್ಲಿ ಇಲ್ಲದ ಇನ್ನೊಬ್ಬ ಆಡಿಟರ್ ಓದಿ ತಿಳಿಯುವಂತೆ ಬರೆದಿಡುವ ಶಿಸ್ತನ್ನು ನಾನು ಹೇಳಿಕೊಡಲು ಪ್ರಯತ್ನಿಸುತ್ತೇನೆ, ನಿಜ. ಆದರೂ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಆ ಶಿಸ್ತು ನನ್ನ ಕೈಯಿಂದಲೇ ಜಾರುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನೋವಿದೆ.

ಇನ್ನೊಂದು ಮಾತು. ಎಲ್ಲ ಕೆಲಸ ಕಲಿಸುತ್ತೇನೆ ಎನ್ನುವ ಎಲ್ಲರೂ ಕಲಿಸುವುದಿಲ್ಲ. ಬ್ಯಾಂಕಿಗೆ ಚೆಕ್ ಹಾಕಿ ಬಾ, ಆ ಕ್ಲೈಂಟ್ ಹತ್ತಿರ ಸಹಿ ಮಾಡಿಸಿಕೊಂಡು ಬಾ ಎಂದು ಎರಡು ವರ್ಷ ಕಳೆದುಬಿಡುವ ಕಚೇರಿಗಳೂ ಇವೆ. ನಿಮ್ಮ ತಂದೆಯವರ ಸಿಎ ಅವರ ಬಳಿ ಈಗಿರುವ ಆರ್ಟಿಕಲ್ ಒಬ್ಬರನ್ನು ಭೇಟಿಯಾಗಿ, ಕಳೆದ ವಾರ ಏನು ಮಾಡಿದಿರಿ ಎಂದು ಕೇಳಿ. ದೊಡ್ಡ ಫರ್ಮ್‌ನಲ್ಲಿರುವವರನ್ನೂ ಅದೇ ಪ್ರಶ್ನೆ ಕೇಳಿ.

ಮರುಪ್ರಶ್ನೆ: ದಾವಣಗೆರೆ ವಿದ್ಯಾರ್ಥಿ

ಸರ್, ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಲಾರಿಯ ಸಂಗತಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರು, "ಅಂಗಡಿಯಲ್ಲೂ ಹಾಗೆಯೇ, ಬಿಲ್ಲು ಹಾಕಿದ ಮಾಲು ಕಟ್ಟೆಯ ಮೇಲೇ ಇರುತ್ತದೆ, ಎಣಿಸುವಾಗ ಮಾರಾಟದಲ್ಲಿ ಒಂದು ಸಲ, ದಾಸ್ತಾನಿನಲ್ಲಿ ಇನ್ನೊಂದು ಸಲ ಸಿಗುತ್ತದೆ" ಎಂದರು.

ಇನ್ನೊಂದು ಸಂಗತಿ ಕೇಳಲು ಸಂಕೋಚವಾಗುತ್ತದೆ. ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬ, ಮೇ ತಿಂಗಳ ಕೊನೆಯಲ್ಲಿ ಸಮಯವಿಲ್ಲದಾಗ ನೋಡದ ಬಿಲ್ಲುಗಳಿಗೂ ಟಿಕ್ ಹಾಕಲು ಹೇಳುತ್ತಾರೆ ಎಂದ. ಇದು ನಿಜವೇ? ಹಾಗೆ ಹೇಳಿದರೆ ಒಬ್ಬ ಆರ್ಟಿಕಲ್ ಏನು ಮಾಡಬೇಕು?

ಉತ್ತರ 3: ಮೈಸೂರಿನ ಸಿಎ

ನನಗೆ ಇದು ಆಗಿದೆ, ಆದ್ದರಿಂದ ಉತ್ತರಿಸುತ್ತೇನೆ. ಫರ್ಮ್‌ನ ಹೆಸರು ಬೇಡ. ಒಳ್ಳೆಯವರೂ ಅಲ್ಲಿದ್ದರು.

ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ವರ್ಷದ ಫಲಿತಾಂಶವನ್ನು ವರ್ಷ ಮುಗಿದ 60 ದಿನಗಳೊಳಗೆ ಪ್ರಕಟಿಸಬೇಕು. ಅಂದರೆ ಮೇ 30. ಹಾಗಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ದೊಡ್ಡ ಫರ್ಮ್‌ಗಳಲ್ಲಿ ಹಗಲು ರಾತ್ರಿಯ ವ್ಯತ್ಯಾಸ ತಿಳಿಯುವುದಿಲ್ಲ. ವಾರಕ್ಕೆ 35 ಗಂಟೆ ಎಂದು ನಮ್ಮ ಸಿಎ ಇನ್‌ಸ್ಟಿಟ್ಯೂಟ್‌ನ ನಿಯಮ ಹೇಳಿದರೂ, ಆ ದಿನಗಳಲ್ಲಿ ಮೂರೇ ದಿನಕ್ಕೆ ನಾನು ಅಷ್ಟು ಗಂಟೆ ದುಡಿದಿದ್ದೇನೆ. ಕಚೇರಿಯ ಕಾರು ರಾತ್ರಿ ಒಂದಕ್ಕೆ ನನ್ನನ್ನು ಪಿಜಿಯ ಬಾಗಿಲಿಗೆ ಬಿಡುತ್ತಿತ್ತು.

ಅಂಥ ಒಂದು ರಾತ್ರಿ, ಖರ್ಚಿನ ಖಾತೆಯೊಂದರಿಂದ ಆರಿಸಿದ 25 ಬಿಲ್ಲುಗಳನ್ನು ನಾನು ಪರೀಕ್ಷಿಸಬೇಕಿತ್ತು. ಕ್ಲೈಂಟ್ ಕಡೆಯಿಂದ 9 ಮಾತ್ರ ಬಂದಿದ್ದವು. ಉಳಿದ 16 ಬೇರೆ ಊರಿನ ಘಟಕದಲ್ಲಿದ್ದವು. ನನ್ನ ಮೇಲಿದ್ದ ಸೀನಿಯರ್, "9 ಸರಿಯಿವೆ ಅಲ್ಲವೇ, ಉಳಿದವೂ ಸರಿಯೇ ಇರುತ್ತವೆ, ಹಾಳೆ ತುಂಬಿಸಿ ಮುಗಿಸು" ಎಂದರು. ಅವರ ಧ್ವನಿಯಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಮೂರು ದಿನ ನಿದ್ದೆಯಿಲ್ಲದ ಆಯಾಸವಿತ್ತು. ಆ ಹಾಳೆಯ ಮೂಲೆಯಲ್ಲಿ "ತಯಾರಿಸಿದವರು" ಎಂಬ ಕಡೆ ನನ್ನ ಹೆಸರಿನ ಮೊದಲಕ್ಷರಗಳು ಬರುತ್ತವೆ. ಆಡಿಟ್ ಫೈಲನ್ನು ವರದಿಯ ದಿನದಿಂದ ಕನಿಷ್ಠ ಏಳು ವರ್ಷ ಇಡಬೇಕು. ಏಳು ವರ್ಷ ಆ ಅಕ್ಷರಗಳು ನಾನು ನೋಡದ 16 ಬಿಲ್ಲುಗಳ ಪಕ್ಕದಲ್ಲಿ ಇರುತ್ತವೆ ಎಂದು ಯೋಚಿಸಿದಾಗ ನನ್ನ ಕೈ ಮುಂದೆ ಹೋಗಲಿಲ್ಲ. 9ರ ಎದುರು ನೋಡಿದ್ದನ್ನು ಬರೆದು, ಉಳಿದ 16ರ ಎದುರು "ದಾಖಲೆ ಬಂದಿಲ್ಲ, ಪರೀಕ್ಷಿಸಿಲ್ಲ" ಎಂದು ಬರೆದೆ. ಬೆಳಿಗ್ಗೆ ಮ್ಯಾನೇಜರ್‌ಗೆ ಮೇಲ್ ಕಳುಹಿಸಿ, ಪ್ರತಿಯಲ್ಲಿ ಸೀನಿಯರ್ ಅವರ ಹೆಸರನ್ನೂ ಸೇರಿಸಿದೆ. ಅವರ ಬೆನ್ನ ಹಿಂದೆ ಹೇಳಿದಂತಾಗಬಾರದು ಎಂದು.

ಮ್ಯಾನೇಜರ್ ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಕ್ಲೈಂಟ್‌ನ ಹಣಕಾಸು ಅಧಿಕಾರಿಗೆ ಫೋನ್ ಮಾಡಿ, ವರದಿಗೆ ಸಹಿ ಬೀಳುವ ಮೊದಲು ಆ ಬಿಲ್ಲುಗಳು ಬರಲೇಬೇಕು ಎಂದರು. ಎರಡು ದಿನದಲ್ಲಿ 14 ಬಂದವು. ಬಾರದ ಎರಡರ ಬಗ್ಗೆ ಬೇರೆ ಪರೀಕ್ಷೆ ಮಾಡಿ, ಮೊತ್ತ ಸಣ್ಣದೆಂದು ಕಾರಣ ಸಹಿತ ಬರೆದು ಮುಗಿಸಿದರು. ಆ ಸೀನಿಯರ್ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ, ಮುಂದಿನ ಕೆಲಸಕ್ಕೆ ತಮ್ಮ ತಂಡದಲ್ಲಿ ನನ್ನನ್ನು ಕೇಳಲಿಲ್ಲ. ಅದು ನನಗೆ ಬಹಳ ಬೇಸರ ತಂದಿತ್ತು, ಯಾಕೆಂದರೆ ನನಗೆ ಎಕ್ಸೆಲ್ ಕಲಿಸಿದವರೂ ಅವರೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನೋಡದ್ದನ್ನು ನೋಡಿದೆ ಎಂದು ಬರೆಯಬೇಡಿ. ಜಗಳವಾಡುವ ಅಗತ್ಯವೂ ಇಲ್ಲ. ಎಷ್ಟು ನೋಡಿದ್ದೀರೋ ಅಷ್ಟನ್ನೇ ಬರೆದು, ಉಳಿದದ್ದನ್ನು ಬಾಕಿ ಎಂದು ತೋರಿಸಿ ಮೇಲಿನವರಿಗೆ ತಿಳಿಸಿದರೆ, ಮುಂದಿನ ತೀರ್ಮಾನ ತೆಗೆದುಕೊಳ್ಳುವ ಹೊಣೆ ಅವರದಾಗುತ್ತದೆ. ಇದು ಊರಿನ ಕಚೇರಿಯಲ್ಲಿಯೂ ಬರುವ ಪರಿಸ್ಥಿತಿಯೇ. ಆದರೆ ದೊಡ್ಡ ಫರ್ಮ್‌ನಲ್ಲಿ ನಿಮ್ಮ ಹಾಳೆಯನ್ನು ಸೀನಿಯರ್, ಮ್ಯಾನೇಜರ್, ಕೆಲವೊಮ್ಮೆ ಪಾರ್ಟ್ನರ್ ಕೂಡ ಓದುತ್ತಾರೆ. ಬರೆದದ್ದು ಯಾರದಾದರೂ ಕಣ್ಣಿಗೆ ಬೀಳುತ್ತದೆ ಎಂಬ ಧೈರ್ಯ ನನಗೆ ಆ ರಾತ್ರಿ ಇತ್ತು.

ಉತ್ತರ 4: ಆಡಿಟ್ ಮ್ಯಾನೇಜರ್

ನಾನು ಈಗ ಇಂಥ ಒಂದು ಫರ್ಮ್‌ನಲ್ಲಿ ಆರ್ಟಿಕಲ್‌ಗಳ ಕೆಲಸವನ್ನು ಪರಿಶೀಲಿಸುವ ಜಾಗದಲ್ಲಿದ್ದೇನೆ. ಮೈಸೂರಿನ ಮೇಡಂ ಬರೆದದ್ದನ್ನು ಓದಿ, ನನ್ನ ತಂಡದ ಮಕ್ಕಳಿಗೆ ಹಾಗೆ ಬರೆಯುವ ಧೈರ್ಯವನ್ನು ನಾನು ಕೊಟ್ಟಿದ್ದೇನೆಯೇ ಎಂದು ಯೋಚಿಸುತ್ತಿದ್ದೇನೆ. "ಪರೀಕ್ಷಿಸಿಲ್ಲ" ಎಂದು ಬರೆದ ಹಾಳೆಯಿಂದ ನನಗೆ ಎರಡು ದಿನದ ಕೆಲಸ ಹೆಚ್ಚಾಗಬಹುದು. ಸುಳ್ಳು ಟಿಕ್ ಇರುವ ಹಾಳೆಯಲ್ಲಿ ಏನು ತಪ್ಪಿದೆ ಎಂದು ಹುಡುಕಲು ನನಗೆ ದಾರಿಯೇ ಇರುವುದಿಲ್ಲ.

ವಿದ್ಯಾರ್ಥಿಯವರು ಒಂದು ವೇಳೆ ಬೆಂಗಳೂರಿಗೆ ಬರುವುದಾದರೆ ಕೆಲವು ಮಾತು. ತುಂಡು ಕೆಲಸ ಕೊಟ್ಟಾಗ, ಹಿಂದಿನ ವರ್ಷದ ಫೈಲ್‌ನಲ್ಲಿ ಅದೇ ತುಂಡನ್ನು ತೆರೆದು, ಅಲ್ಲಿಂದ ಹಣಕಾಸು ವಿವರಣೆಗಳ ಟಿಪ್ಪಣಿಯವರೆಗೆ ಆ ಅಂಕಿಯನ್ನು ಹಿಂಬಾಲಿಸಿಕೊಂಡು ಹೋಗಿ. ಸ್ಥಿರ ಆಸ್ತಿಯ ಕೆಲಸ ಕೊಟ್ಟಿದ್ದರೆ ಕಾರೋ 2020ರಲ್ಲಿ (ಆಡಿಟರ್ ವರದಿಯಲ್ಲಿ ಏನೇನು ಹೇಳಬೇಕೆಂದು ಪಟ್ಟಿ ಮಾಡುವ ಸರ್ಕಾರಿ ಆದೇಶ) ಅದರ ಬಗ್ಗೆ ಆಡಿಟರ್ ಏನು ವರದಿ ಮಾಡಬೇಕು ಎಂಬುದನ್ನು ಅದೇ ದಿನ ಓದಿ. ದಾಸ್ತಾನು ಎಣಿಕೆಗೆ ಹೋಗುವ ಮೊದಲು, ಪ್ರತಿ ವರ್ಗದ ದಾಸ್ತಾನಿನಲ್ಲಿ ಒಟ್ಟು ಶೇಕಡಾ 10 ಅಥವಾ ಹೆಚ್ಚಿನ ವ್ಯತ್ಯಾಸ ಕಂಡಿತೇ ಎಂದು ಅದೇ ಆದೇಶ ಕೇಳುತ್ತದೆ ಎಂಬುದು ಗೊತ್ತಿದ್ದರೆ, ಎಣಿಸುವ ಕಣ್ಣೇ ಬೇರೆಯಾಗುತ್ತದೆ. ನನ್ನ ಹಾಳೆಯ ಮೇಲೆ ರಿವ್ಯೂ ನೋಟ್ ಬಂತೆಂದು ಅಳುವ ಮಕ್ಕಳನ್ನು ನೋಡಿದ್ದೇನೆ. ನೋಟ್ ಬರುವುದು ಯಾರೋ ಓದಿದ್ದಾರೆ ಎಂಬುದಕ್ಕೆ ಗುರುತು. ಉತ್ತರ ಬರೆಯುವ ಮೊದಲು ಆ ಪ್ರಶ್ನೆ ಯಾಕೆ ಬಂತು ಎಂದು ಕೇಳಿ.

ತೆರಿಗೆಯ ಕೆಲಸ ಸಿಗುವುದಿಲ್ಲ ಎಂಬ ಕೊರತೆ ನಿಜವಾದದ್ದು. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮುಗಿದ ಆರು ತಿಂಗಳ ನಂತರವೇ ಫೈನಲ್ ಬರೆಯಬೇಕಾದ್ದರಿಂದ, ಆ ಅವಧಿ ಓದಿಗೆಂದೇ ಸಿಗುತ್ತದೆ. ಊರಿಗೆ ಹೋಗಿ ಓದುವಾಗ, ದಿನಕ್ಕೆ ಒಂದು ಗಂಟೆ ನಿಮ್ಮ ತಂದೆಯವರ ಅಂಗಡಿಯ ರಿಟರ್ನ್‌ಗಳನ್ನು ಆ ಸಿಎ ಅವರ ಪಕ್ಕದಲ್ಲಿ ಕುಳಿತು ನೋಡಿದರೂ ಬಹಳಷ್ಟು ತುಂಬಿಕೊಳ್ಳುತ್ತದೆ. ಅವರ ಕರೆಯನ್ನು ಈಗ ಒಪ್ಪದಿದ್ದರೂ ಸಂಬಂಧ ಕಡಿದುಕೊಳ್ಳಬೇಡಿ.

ರಜೆಯ ಲೆಕ್ಕವನ್ನು ಮಾತ್ರ ಮೊದಲ ದಿನದಿಂದಲೇ ಬರೆದಿಡಿ. ಈಗ ವರ್ಷಕ್ಕೆ 12 ದಿನ ಮಾತ್ರ. ಹೆಚ್ಚು ತೆಗೆದುಕೊಂಡರೆ ಅವಧಿ ಅಷ್ಟು ಮುಂದಕ್ಕೆ ಹೋಗುತ್ತದೆ. ಏಪ್ರಿಲ್, ಮೇನಲ್ಲಿ ಕೇಳಿದರೆ ರಜೆ ಸಿಗುವುದು ಕಷ್ಟ. ಊರ ಹಬ್ಬ ಯಾವ ತಿಂಗಳಲ್ಲಿದೆ ಎಂದು ಸೇರುವಾಗಲೇ ಹೇಳಿಟ್ಟರೆ ನಾನಂತೂ ಬಿಟ್ಟುಕೊಡುತ್ತೇನೆ.

ಪ್ರತಿಕ್ರಿಯೆ: ದಾವಣಗೆರೆ ವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಹುಬ್ಬಳ್ಳಿಯ ಸರ್ ಹೇಳಿದಂತೆ ಇವತ್ತು ನಮ್ಮೂರ ಸಿಎ ಅವರ ಕಚೇರಿಯ ಆರ್ಟಿಕಲ್ ಒಬ್ಬರನ್ನು ಭೇಟಿಯಾಗಿ ಕಳೆದ ವಾರದ ಕೆಲಸ ಕೇಳಿದೆ. ಮೂರು ದಿನ ಜಿಎಸ್‌ಟಿ ತಾಳೆ, ಒಂದು ದಿನ ಅಡಿಕೆ ಮಂಡಿಯೊಂದರ ಪುಸ್ತಕ, ಎರಡು ದಿನ ಬ್ಯಾಂಕ್ ಓಡಾಟ ಎಂದರು. ಬೆಂಗಳೂರಿನ ಫರ್ಮ್‌ನಲ್ಲಿರುವ ನನ್ನ ಗೆಳೆಯನನ್ನೂ ಅದೇ ಪ್ರಶ್ನೆ ಕೇಳಿದ್ದೇನೆ. ಭಾನುವಾರ ಫೋನ್ ಮಾಡುತ್ತೇನೆ ಎಂದಿದ್ದಾನೆ. ಫರ್ಮ್‌ಗೆ ಉತ್ತರ ಕೊಡಲು ಸೋಮವಾರದವರೆಗೆ ಸಮಯವಿದೆ.